ತಿರುವಿನ ಚೌಡವ್ವ ಜಾಗ ಬಿಟ್ಟಳು, ಇನ್ನು ನಿಮ್ಮ ಸರದಿ

ರಸ್ತೆ ಸಾಹೇಬರೇ,

ನಾನು ನೀಲಗಂಗವ್ವ, ಕೋಂ ಸಂಗಯ್ಯ. ವಯಸ್ಸು ಅರವತ್ತೇಳು. ಎಕ್ಕಂಬಿಯಿಂದ ಒಳಗೆ ಹೋದರೆ ಸಿಗುವ ಊರಿನಲ್ಲಿ ಭತ್ತ, ಗೋವಿನಜೋಳ, ಅನಾನಸು ಬೆಳೆಯುವ ಮನೆತನದ ಹಿರಿಯಳು. ಸಿರ್ಸಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಹತ್ತನೆಯ ಇಯತ್ತೆ ಪಾಸು ಮಾಡಿದವಳು, ಪಂಚಾಯ್ತಿಯಲ್ಲಿ ಒಂದು ಅವಧಿ ಸದಸ್ಯೆಯಾಗಿದ್ದವಳು. ನಮ್ಮ ಊರಿನಲ್ಲಿ ಮದುವೆಯ ಮಾತುಕತೆ, ಅಣ್ಣತಮ್ಮಂದಿರ ಪಾಲು, ದನ ಮೇಯ್ದ ಜಗಳ ಯಾವುದಿದ್ದರೂ ನಮ್ಮ ಕಟ್ಟೆಗೆ ಬಂದು ಮುಗಿಯುತ್ತದೆ. ಸಂಗಯ್ಯನವರು ಇದ್ದಾರೆ, ಆರೋಗ್ಯವಾಗಿದ್ದಾರೆ. ಅವರು ಮಾತನಾಡುವುದು ಕಡಿಮೆ. ನಮ್ಮ ಮನೆಯಲ್ಲಿ ಅದಕ್ಕೆ ಅವಕಾಶವೂ ಕಡಿಮೆ.

ತಮ್ಮ ಹುದ್ದೆಯ ಪೂರ್ತಿ ಹೆಸರು ಬರೆಯಲು ಅರ್ಧ ಹಾಳೆ ಬೇಕು. ಊರಿನವರು ತಮ್ಮನ್ನು ರಸ್ತೆ ಸಾಹೇಬರು ಎಂದೇ ಕರೆಯುವುದರಿಂದ ನಾನೂ ಹಾಗೇ ಕರೆದಿದ್ದೇನೆ. ಸಿರ್ಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿನ ರಸ್ತೆಗಳ ಸುರಕ್ಷತೆ ತಮ್ಮ ಹೆಗಲ ಮೇಲಿದೆ ಎಂದು ತಾವೇ ಭಾಷಣದಲ್ಲಿ ಹೇಳಿದ್ದನ್ನು ಕೇಳಿದ್ದೇನೆ. ಹೆಗಲು ನೋಯುತ್ತಿರುವಂತೆ ಕಾಣಲಿಲ್ಲ. ಆದ್ದರಿಂದ ವಿಷಯಕ್ಕೆ ಬರುತ್ತೇನೆ: ನಮ್ಮೂರ ರಸ್ತೆಯ ತಿರುವು ನನ್ನ ಮೊಮ್ಮಗಳು ಪ್ರತಿಭಾಳ ಕಾಲು ಮುರಿಯಿತು. ಅದರ ಹಿಂದೆಯೇ ಅವಳ ಕಾಲೇಜನ್ನೂ ಮುರಿಯಲು ಹೊರಟಿತ್ತು. ಕಾಲನ್ನು ವೈದ್ಯರು ಜೋಡಿಸಿದ್ದಾರೆ. ಕಾಲೇಜಿನ ವಿಷಯದಲ್ಲಿ ನಾನು ಏನು ಮಾಡಿದೆ, ತಾವು ಇನ್ನು ಏನು ಮಾಡಬೇಕು ಎಂಬುದೇ ಈ ಪತ್ರ. ಇದನ್ನು ತಮ್ಮ ಕಚೇರಿಗೆ ಕಳಿಸದೆ ಪತ್ರಿಕೆಗೆ ಕಳಿಸಿದ್ದು ಯಾಕೆಂದರೆ, ತಮ್ಮ ಕಚೇರಿಗೆ ಕಳಿಸಿದ ಹಿಂದಿನ ಪತ್ರಗಳು ಇನ್ನೂ ದಾರಿಯಲ್ಲಿವೆ. ಬಹುಶಃ ಅವೂ ಅದೇ ತಿರುವಿನಲ್ಲಿ ಬಿದ್ದಿರಬೇಕು.

ತಿರುವಿನ ಕಥೆ ತಮಗೆ ಗೊತ್ತಿರಬೇಕು, ಗೊತ್ತಿಲ್ಲವೆಂದೇ ಇಟ್ಟುಕೊಂಡು ಹೇಳುತ್ತೇನೆ. ಮೊದಲು ನಮ್ಮೂರ ರಸ್ತೆಯಲ್ಲಿ ಡಾಂಬರಿಗಿಂತ ಹೊಂಡ ಹೆಚ್ಚಿತ್ತು. ಆಗ ಯಾರೂ ಬೀಳುತ್ತಿರಲಿಲ್ಲ. ಬೀಳುವಷ್ಟು ಜೋರಾಗಿ ಹೋಗಲು ಯಾರಿಗೂ ಆಗುತ್ತಿರಲಿಲ್ಲ. ಆಮೇಲೆ ತಾವು ಹೊಸ ರಸ್ತೆ ಮಾಡಿಕೊಟ್ಟಿರಿ. ನಾವು ಹಾರ ಹಾಕಿದೆವು, ಪೇಢೆ ಹಂಚಿದೆವು. ನಮ್ಮ ಹೊಲದ ಮೂಲೆಯಲ್ಲಿ ರಸ್ತೆ ತಿರುಗುತ್ತದಲ್ಲ, ಅಲ್ಲಿ ಡಾಂಬರು ಒಳಗಡೆಗೆ ವಾಲುವ ಬದಲು ಹೊರಗಡೆಗೆ ವಾಲಿದೆ. ನಾನು ಓದಿದ್ದು ಹತ್ತನೆಯ ಇಯತ್ತೆ. ಆದರೂ ತುಂಬಿದ ಚಕ್ಕಡಿಯನ್ನು ತಿರುವಿನಲ್ಲಿ ಯಾವ ಕಡೆ ವಾಲಿಸಿ ಹೊಡೆಯಬೇಕೆಂದು ನಮ್ಮ ಎತ್ತುಗಳಿಗೂ ಗೊತ್ತಿತ್ತು. ವೇಗವಾಗಿ ಬಂದ ಬೈಕನ್ನು ಆ ತಿರುವು ತಾನೇ ಎತ್ತಿ ಹೊರಗೆ ಎಸೆಯುತ್ತದೆ. ಒಳಮೂಲೆಯಲ್ಲಿ ಬಿದಿರ ಮೆಳೆ ಬೆಳೆದು ಎದುರಿನಿಂದ ಬರುವ ಗಾಡಿ ಕಾಣುವುದೇ ಇಲ್ಲ. ಸಾಲದ್ದಕ್ಕೆ ಟಿಪ್ಪರುಗಳಿಂದ ಉದುರಿದ ಮರಳು.

ಜನ ಬೀಳತೊಡಗಿದರು. ಮೊದಲು ಹಾಲಿನವನು, ನಂತರ ಹೊಸದಾಗಿ ಮದುವೆಯಾದ ಒಂದು ಜೋಡಿ, ಆಮೇಲೆ ಹಾನಗಲ್ ಕಡೆಯಿಂದ ಬಂದ ಬೀಗರು. ಬೀಗರು ಬಿದ್ದ ಮೇಲೆ ವಿಷಯ ಗಂಭೀರವಾಯಿತು. ತಮಗೆ ಬರೆದೆವು. ಉತ್ತರ ಬರಲಿಲ್ಲ. ನಮ್ಮೂರ ಹಿರಿಯರು ಪರಮೇಶ್ವರಪ್ಪನವರು ಒಂದು ದಿನ ನಮ್ಮ ಕಟ್ಟೆಗೆ ಬಂದು, "ಇದು ಮನಷ್ಯಾರ ಕೈಲೆ ಆಗೂ ಕೆಲಸಲ್ಲ, ನೀಲಗಂಗವ್ವ. ಆ ಮೂಲ್ಯಾಗ ಚೌಡವ್ವ ಅದಾಳ. ಹಾದಿ ಮಾಡೂ ಮುಂದ ಅಕಿಗಿ ಯಾರೂ ಕೇಳಿಲ್ಲ, ಸಿಟ್ಟಿಗೆದ್ದಾಳ" ಎಂದರು.

"ಹಾದಿ ಮಾಡಿದ್ದು ಸರ್ಕಾರ. ಅಕಿ ಸಿಟ್ಟು ನಮ್ಮ ಮ್ಯಾಲ ಯಾಕ?" ಎಂದು ಕೇಳಿದೆ.

"ಸರ್ಕಾರ ಅಕಿ ಕೈಗೂ ಸಿಗೂದಿಲ್ಲ."

ಊರವರು ಅದನ್ನೇ ಒಪ್ಪಿದರು. ಬಿದಿರ ಮೆಳೆಯ ಮುಂದೆ ಮೂರು ಗೇಣಿನ ಕಲ್ಲು ನಿಲ್ಲಿಸಿದರು, ಅರಿಶಿನ ಕುಂಕುಮ ಹಚ್ಚಿದರು, ಮೇಲೆ ನಾಲ್ಕು ತಗಡು ಹೊದಿಸಿದರು. ಮೂಲೆ ನಮ್ಮ ಹೊಲದ್ದಾದ್ದರಿಂದ ಮಂಗಳವಾರ ಶುಕ್ರವಾರದ ದೀಪ ನಮ್ಮ ಮನೆಯ ಪಾಲಿಗೆ ಬಂತು. ದೇವಿಯ ಬಗ್ಗೆ ನನ್ನದೇನೂ ತಕರಾರಿಲ್ಲ. ಆದರೆ ಸಾಹೇಬರೇ, ತಾವೊಮ್ಮೆ ಮೂರೂ ತಾಲೂಕು ಸುತ್ತಿ ನೋಡಿ. ತಮ್ಮ ಕಚೇರಿಯಲ್ಲಿ ಅಪಾಯದ ತಿರುವುಗಳ ಪಟ್ಟಿ ಇಲ್ಲದಿದ್ದರೆ ಚಿಂತೆಯಿಲ್ಲ, ರಸ್ತೆ ಬದಿಯ ದೇವರ ಕಟ್ಟೆಗಳನ್ನು ಎಣಿಸಿದರೆ ಸಾಕು. ತಾವು ಫಲಕ ಹಾಕದ ಕಡೆಯಲ್ಲೆಲ್ಲ ಜನ ದೇವರನ್ನು ಹಾಕಿಕೊಂಡಿದ್ದಾರೆ.

ಚೌಡವ್ವ ಕುಳಿತ ಮೇಲೆ, ಯಾವ ಪುಣ್ಯವೋ, ತಮ್ಮ ಕಚೇರಿಯಿಂದ ಒಬ್ಬ ಯುವ ಇಂಜಿನಿಯರು ಬಂದರು. ಕರಾವಳಿ ಕಡೆಯ ಹುಡುಗ, ಒಳ್ಳೆಯವನೇ. ಟೇಪು ಹಿಡಿದು ಅಳೆದರು, ತಿರುವು ತಪ್ಪಾಗಿದೆ ಎಂದು ಒಪ್ಪಿದರು. ಆಮೇಲೆ ಕಲ್ಲನ್ನು ನೋಡಿ ಚಪ್ಪಲಿ ಬಿಟ್ಟರು.

"ಇಲ್ಲಿ ದೇವ್ರು ಅದೆಯಲ್ರಾ ಅಮ್ಮ. ಇದನ್ನ ಮುಟ್ಟೂಕೆ ಆಗೂದಿಲ್ಲ. ಬಿದಿರೂ ದೇವ್ರದ್ದೇ ಆಯ್ತು."

"ದೇವರು ಬಂದಿದ್ದು ನೀವು ಡಾಂಬರು ಹಾಕಿದ ಮೇಲೆ, ತಮ್ಮಾ" ಎಂದೆ.

"ಅದು ಸರಿ. ಆದ್ರೆ ಫೈಲಿನಲ್ಲಿ ಧಾರ್ಮಿಕ ಕಟ್ಟಡ ಅಂತ ಬರೀಲೇಬೇಕು. ಬರೆದ್ರೆ ಮತ್ತೆ ಯಾರೂ ಮುಟ್ಟೂದಿಲ್ಲ."

ಬರೆಯಬೇಡ ಎಂದೆ. ಅವರು ಬರೆದರು. ಹೋಗುವಾಗ ಒಂದು ತೆಂಗಿನಕಾಯಿ ಒಡೆಸಿಕೊಂಡು ಅರ್ಧ ಹೋಳು ಒಯ್ದರು. ತಮ್ಮ ಇಲಾಖೆ ಈ ತಿರುವಿಗಾಗಿ ಇದುವರೆಗೆ ಕೈಗೊಂಡ ಒಟ್ಟು ಕಾಮಗಾರಿ ಆ ಕಾಯಿ ಒಡೆದದ್ದು. ಮೂರು ಗೇಣಿನ ಕಲ್ಲು, ನಾಲ್ಕು ತಗಡು ಕಟ್ಟಡವಾಗುವುದಾದರೆ ನಮ್ಮ ಮನೆಯ ನಾಯಿಗೂಡು ಅರಮನೆಯಾಗಬೇಕು. ನಾವು ತಮ್ಮನ್ನು ನಂಬಿ ಸಾಕಾಗಿ ದೇವರ ಹತ್ತಿರ ಹೋದೆವು. ತಾವು ಆ ದೇವರನ್ನೇ ಅಡ್ಡ ಹಿಡಿದುಕೊಂಡು ಕೆಲಸ ತಪ್ಪಿಸಿಕೊಂಡಿರಿ. ಇಬ್ಬರಲ್ಲಿ ಯಾರಿಗೆ ಭಕ್ತಿ ಹೆಚ್ಚು?

ಇನ್ನು ನನ್ನ ಮೊಮ್ಮಗಳ ಮಾತು. ಪ್ರತಿಭಾ ನನ್ನ ಮಗ ವಿನೋದನ ಮಗಳು, ಹತ್ತೊಂಬತ್ತು ವರ್ಷ, ಸಿರ್ಸಿಯಲ್ಲಿ ಪದವಿಯ ಕೊನೆಯ ವರ್ಷ ಓದುತ್ತಿದ್ದಾಳೆ. ಬೆಳಗಿನ ಬಸ್ಸು ಸಿರ್ಸಿ ಮುಟ್ಟುವ ಹೊತ್ತಿಗೆ ಕಾಲೇಜಿನ ಮೊದಲ ಪಾಠ ಮುಗಿದಿರುತ್ತದೆ. ಹಾಗಾಗಿ ಸ್ಕೂಟರು. ನಮ್ಮ ಮನೆಯಲ್ಲಿ ಗಾಡಿ ಮುಟ್ಟುವವರ ತಲೆಯ ಮೇಲೆ ಹೆಲ್ಮೆಟ್ ಇರಲೇಬೇಕು, ಅದರ ಪಟ್ಟಿ ಗದ್ದದ ಕೆಳಗೆ ಕಟ್ಟಿರಲೇಬೇಕು. ಇದು ಸರ್ಕಾರದ ಕಾಯ್ದೆಯಲ್ಲ, ನನ್ನದು. ಅದಕ್ಕೇ ಜಾರಿಯಲ್ಲಿದೆ.

ಕಳೆದ ದೀಪಾವಳಿಯ ಮುಂದಿನ ವಾರ ಅವಳು ಕಾಲೇಜಿಗೆ ಹೊರಟವಳು ಆ ತಿರುವಿನಲ್ಲಿ ಬಿದ್ದಳು. ಎದುರಿನಿಂದ ಅನಾನಸು ತುಂಬಿದ ಟೆಂಪೋ ಬಂತು. ಹೆಲ್ಮೆಟ್ ಒಂದು ಕಡೆ ಸೀಳಿತು, ತಲೆಗೆ ಏನೂ ಆಗಲಿಲ್ಲ. ಎಡಗಾಲು ಮೊಣಕಾಲಿನ ಕೆಳಗೆ ಮುರಿಯಿತು. ತಲೆ ನನ್ನ ಪಾಲಿನದು, ಉಳಿಸಿದೆ. ಕಾಲು ತಮ್ಮ ರಸ್ತೆಯ ಪಾಲಿನದು. ಈ ಲೆಕ್ಕವನ್ನು ತಾವು ನಿಧಾನವಾಗಿ ಓದಬೇಕು. ತಾವು ಪ್ರತಿ ಭಾಷಣದಲ್ಲಿ ಯುವಜನರಿಗೆ ಹೆಲ್ಮೆಟ್ ಹಾಕಿರಿ ಎನ್ನುತ್ತೀರಿ. ಅವಳು ಹಾಕಿದ್ದಳು. ನಿಧಾನವಾಗಿ ಹೋಗಿರಿ ಎನ್ನುತ್ತೀರಿ. ನಿಧಾನವಾಗಿಯೇ ಹೋಗಿದ್ದಳು. ಹಾಗಿದ್ದರೆ ಬಿದ್ದಿದ್ದು ಯಾಕೆ?

ಆಸ್ಪತ್ರೆಯ ಮಂಚದ ಮೇಲೆ ನಾನು ಇದನ್ನೇ ಕೇಳಿದೆ.

"ಬಯ್ಯಬ್ಯಾಡ ಅಜ್ಜಿ" ಎಂದಳು. "ಚೌಡವ್ವಗ ಕೈ ಮುಗ್ಯಾಕ ಕೈ ಬಿಟ್ಟಿದ್ದೆ."

"ಯಾವ ಕೈ?"

"ಬಲಗೈ."

ಸ್ಕೂಟರಿನ ಬಗ್ಗೆ ನನಗೆ ತಿಳಿದದ್ದು ಅಷ್ಟಕ್ಕಷ್ಟೆ. ಪಕ್ಕದಲ್ಲಿದ್ದ ವಿನೋದ ಹೇಳಿದ: ವೇಗ ಹೆಚ್ಚು ಕಡಿಮೆ ಮಾಡುವುದು ಬಲಗೈ, ಮುಂದಿನ ಗಾಲಿಯ ಬ್ರೇಕು ಬಲಗೈ. ಅವಳಿಗೆ ಉಳಿದದ್ದು ಎಡಗೈಯ ಹಿಂದಿನ ಬ್ರೇಕು, ಕೆಳಗೆ ಮರಳು, ಹೊರಗಡೆಗೆ ವಾಲಿದ ಡಾಂಬರು.

"ಎಡಗೈಲೆ ಮುಗೀಬೇಕಿತ್ತಲ್ಲ, ಹುಚ್ಚಿ" ಎಂದ ವಿನೋದ.

ನೋವಿನಲ್ಲೂ ಹುಡುಗಿ ಅಪ್ಪನನ್ನು ಗುರಾಯಿಸಿದಳು. "ದೇವ್ರಿಗೆ ಎಡಗೈಲೆ ಮುಗೀತಾರೇನಪ್ಪಾ?"

ಮುಗಿಯುವುದಿಲ್ಲ, ಸಾಹೇಬರೇ. ಎಡಗೈಯಲ್ಲಿ ನಾವು ಯಾರಿಗೂ ಒಂದು ಎಲೆ ಅಡಿಕೆಯನ್ನೂ ಕೊಡುವುದಿಲ್ಲ. ಅವಳನ್ನು ಹಾಗೆ ಬೆಳೆಸಿದವಳೇ ನಾನು. ಆ ಹೊತ್ತು ನನಗೆ ಎಲ್ಲವೂ ತಿಳಿಯಿತು. ಜನ ಬೀಳುತ್ತಾರೆಂದು ದೇವಿಯನ್ನು ತಂದು ಕೂರಿಸಿದ್ದು ನೆಟ್ಟಗೆ ತಿರುವಿನ ಮೂಲೆಗೆ. ಗಾಡಿ ನಿಲ್ಲಿಸಲು ಅಲ್ಲಿ ಜಾಗವಿಲ್ಲ. ಕೈ ಮುಗಿಯದೆ ಹೋಗಲು ಧೈರ್ಯವಿಲ್ಲ. ಹಾಗಾಗಿ ಇಡೀ ಹಾದಿಯಲ್ಲಿ ಎರಡೂ ಕೈ ಬೇಕಾದ ಒಂದೇ ಒಂದು ಜಾಗದಲ್ಲಿ ಎಲ್ಲರೂ ಒಂದು ಕೈ ಬಿಡುತ್ತಾರೆ, ಅದೂ ಬ್ರೇಕಿನ ಕೈ.

ವಿನೋದ ಅಲ್ಲಿಯೇ ತೀರ್ಮಾನ ಕೊಟ್ಟ. "ಸಾಕಿನ್ನ. ಗಾಡಿ ಮಾರಿಬಿಡ್ತೀನಿ. ಪರೀಕ್ಷಾ ಮನ್ಯಾಗ ಕುಂತು ಕಟ್ಲಿ. ಕಟ್ಟದಿದ್ರೂ ನಡೀತೈತಿ, ಹೆಂಗೂ ಮದವಿ ಮಾಡೂದ."

"ಇಕಿ ಅಣ್ಣ ಬಿದ್ದಾಗ ಏನ ಮಾಡಿದ್ಯೋ?" ಎಂದೆ.

ಅವಳಣ್ಣ ಎರಡು ವರ್ಷದ ಹಿಂದೆ ಬಿದ್ದು ಭುಜ ತಪ್ಪಿಸಿಕೊಂಡಾಗ, ಹಳೆಯ ಗಾಡಿಯ ಹಿಡಿತ ಸರಿಯಿಲ್ಲವೆಂದು ಹೊಸದು, ದೊಡ್ಡದು ಕೊಡಿಸಿದ್ದ.

"ಅಂವ ಗಂಡ ಹುಡುಗ, ಯವ್ವಾ."

"ಅಂವ ಬಿದ್ದಿದ್ದೂ ನೆಲದ ಮ್ಯಾಲ, ಇಕಿ ಬಿದ್ದಿದ್ದೂ ನೆಲದ ಮ್ಯಾಲ. ನೆಲಕ್ಕ ಗೊತ್ತಾಗಲಿಲ್ಲ ನೋಡು, ನಿನಗಷ್ಟ ಗೊತ್ತಾತು."

ರಸ್ತೆ ಸುರಕ್ಷತೆ ಎಂದರೆ ತಾವು ಎಷ್ಟು ಜನ ಬಿದ್ದರು, ಎಷ್ಟು ಜನ ಉಳಿದರು ಎಂದು ಎಣಿಸುತ್ತೀರಿ. ಗಂಡು ಹುಡುಗ ಬಿದ್ದರೆ ಗಾಡಿ ಬದಲಾಗುತ್ತದೆ, ಹೆಣ್ಣು ಹುಡುಗಿ ಬಿದ್ದರೆ ಅವಳ ಬದುಕೇ ಬದಲಾಗುತ್ತದೆ ಎಂಬುದು ತಮ್ಮ ಎಣಿಕೆಯಲ್ಲಿ ಬರುವುದಿಲ್ಲ. ನಮ್ಮ ಸುತ್ತಿನ ಹಳ್ಳಿಗಳಿಂದ ಸಿರ್ಸಿಗೆ ಓದಲು, ದುಡಿಯಲು ಹೋಗುವ ಹುಡುಗಿಯರೆಲ್ಲ ಈಗ ಸ್ಕೂಟರಿನ ಮೇಲೆಯೇ ಹೋಗುತ್ತಾರೆ. ಒಬ್ಬಳು ಬಿದ್ದರೆ ಹತ್ತು ಮನೆಗಳಲ್ಲಿ ಅಪ್ಪಂದಿರು ಗಾಡಿಯ ಬೀಗದಕೈ ಕಿತ್ತಿಟ್ಟುಕೊಳ್ಳುತ್ತಾರೆ. ತಮ್ಮ ಒಂದು ತಿರುವು ಎಷ್ಟು ಹುಡುಗಿಯರನ್ನು ಮನೆಯಲ್ಲಿ ಕೂರಿಸಬಲ್ಲದು ಎಂದು ಯೋಚಿಸಿದ್ದೀರಾ?

ಪ್ರತಿಭಾ ಮನೆಗೆ ಬಂದ ಮೇಲೆ ನಾನು ಒಂದು ಮುಂಜಾನೆ ಕುರ್ಚಿ ಹಾಕಿಸಿಕೊಂಡು ಚೌಡವ್ವನ ಪಕ್ಕದಲ್ಲಿ ಕುಳಿತೆ. ತಮ್ಮ ಇಲಾಖೆ ಮಾಡಬೇಕಿದ್ದ ಸಮೀಕ್ಷೆಯನ್ನು ನಾನು ಅವಲಕ್ಕಿ ತಿನ್ನುತ್ತ ಮಾಡಿ ಮುಗಿಸಿದೆ. ಬಂದವರೆಲ್ಲ ಕೈ ಬಿಟ್ಟರು. ಶಾಲೆಯ ಮಾಸ್ತರರು ಬಿಟ್ಟರು. ಗ್ಯಾಸಿನ ಸಿಲಿಂಡರು ಕಟ್ಟಿಕೊಂಡವನು ಬಿಟ್ಟ. ಒಂದೇ ಬೈಕಿನಲ್ಲಿ ಬಂದ ಮೂವರಲ್ಲಿ ಹಿಂದಿನ ಇಬ್ಬರು ಒಂದೊಂದು ಕೈ ಎತ್ತಿದರೆ, ಭಕ್ತಿ ಹೆಚ್ಚಿದ್ದ ಮುಂದಿನವನು ಎರಡೂ ಎತ್ತಿದ. ಇನ್ನೊಬ್ಬ ಎಡಗೈಯಲ್ಲಿ ಮೊಬೈಲು ಕಿವಿಗೆ ಹಿಡಿದಿದ್ದ, ಬಲಗೈ ಎದೆಗೆ ಮುಟ್ಟಿಸಿದ. ಗಾಡಿ ಯಾವ ಕೈಯಲ್ಲಿತ್ತೋ ಅವ್ವನೇ ಬಲ್ಲಳು.

ನಮ್ಮ ಓಣಿಯ ಸುಭಾಷ್ ಎಂಬ ಹುಡುಗ ಬಂದ. ಇಪ್ಪತ್ತರ ಆಸುಪಾಸು, ಬೈಕಿನ ಸದ್ದು ಬನವಾಸಿಗೆ ಕೇಳಬೇಕು ಎಂಬ ಜಾತಿಯವನು. ಹೆಲ್ಮೆಟ್ ಇತ್ತು, ಮೊಣಕೈಗೆ ಬಳೆಯಂತೆ. ನಿಲ್ಲಿಸಿದೆ.

"ಏ ಸುಭಾಷ್, ಅದನ್ನ ಕೈಗ್ಯಾಕ ಹಾಕ್ಕೊಂಡೀ? ತಲಿ ಎಲ್ಲೆ ಬಿಟ್ಟಬಂದಿ?"

"ಎಕ್ಕಂಬಿ ತನಕ ಅಷ್ಟ ಹೊಂಟೀನ್ರಿ ಅಜ್ಜಿ."

"ಎಕ್ಕಂಬಿಗೆ ತಲಿ ಬ್ಯಾಡೇನು?"

"ಪೊಲೀಸರು ಸಿರ್ಸ್ಯಾಗ ಇರ್ತಾರ್ರಿ. ಅಲ್ಲೆ ಹಾಕ್ಕೊಂತೀನಿ."

"ಪೊಲೀಸಪ್ಪ ಬಡಿಗಿಲೆ ನಿನ್ನ ತಲಿ ಒಡೀತಾನಂತ ಹಾಕ್ಕೊಳ್ಳೂದೇನದು?"

ನಕ್ಕ. ನಗು ನಿಂತ ಮೇಲೆ ಕೇಳಿದೆ, ಲೈಸೆನ್ಸ್ ಹೇಗೆ ಬಂತು ಎಂದು. ಮೈದಾನದಲ್ಲಿ ಎಂಟರ ಆಕಾರ ಹಾಕಿಸಿದರಂತೆ, ಕಾಲು ನೆಲಕ್ಕೆ ಹಚ್ಚಲಿಲ್ಲವಂತೆ, ಆಯಿತಂತೆ. "ಎದುರಿಗೆ ಟೆಂಪೋ ಬಂದ್ರ ಯಾವ ಬ್ರೇಕ್ ಮೊದಲು ಹಿಡೀಬೇಕು, ಮರಳಿನ ಮ್ಯಾಲ ಹೆಂಗ ಹೋಗಬೇಕು, ಅದನ್ನ ಯಾರರ ಹೇಳಿಕೊಟ್ರೇನು?" ಎಂದೆ.

"ಅದನ್ನ ಯಾರೂ ಹೇಳೂದಿಲ್ರಿ ಅಜ್ಜಿ. ಬಿದ್ದ ಮ್ಯಾಲ ಗೊತ್ತಾಕ್ಕೈತಿ."

ಈ ಹುಡುಗನನ್ನು ಬಯ್ಯುವುದು ಸುಲಭ, ನಾನೂ ಬಯ್ದೆ. ಆದರೆ ಅವನು ಹೇಳಿದ್ದು ಸುಳ್ಳಲ್ಲ. ಎತ್ತಿಗೆ ನೊಗ ಹೂಡುವ ಮೊದಲು ನಾವು ಅದನ್ನು ತಿಂಗಳುಗಟ್ಟಲೆ ಪಳಗಿಸುತ್ತೇವೆ. ಹದಿನೆಂಟರ ಹುಡುಗ ಹುಡುಗಿಗೆ ತಾವು ಬಯಲಿನಲ್ಲಿ ಎಂಟು ಹಾಕಿಸಿ ಲಾರಿಗಳ ನಡುವೆ ಬಿಡುತ್ತೀರಿ. ಅವರು ಬಿದ್ದರೆ ಯುವಕರ ಬೇಜವಾಬ್ದಾರಿ ಎಂದು ಪತ್ರಿಕೆಗೆ ಹೇಳಿಕೆ ಕೊಡುತ್ತೀರಿ.

ತಮ್ಮ ರಸ್ತೆ ಸುರಕ್ಷತಾ ಸಪ್ತಾಹದ ಜಾಥಾ ನಮ್ಮೂರಿಗೆ ಬಂದದ್ದು ಇದೇ ಸಮಯದಲ್ಲಿ. ಬೈಕುಗಳು ಸಾಲಾಗಿ ಬಂದವು. ಸಾಲೆಂದರೆ ಅಡ್ಡಸಾಲು, ಎದುರಿನ ಬಸ್ಸು ಗಟಾರಕ್ಕೆ ಇಳಿದು ನಿಲ್ಲಬೇಕಾಯಿತು. ಬ್ಯಾನರು ಹಿಡಿಯಲು ಕೆಲವರು ಹ್ಯಾಂಡಲ್ ಬಿಟ್ಟಿದ್ದರು. ತಿರುವಿಗೆ ಬಂದಾಗ ಮುಂದಿನ ಸಾಲಿನವರೆಲ್ಲ ಬಲಗೈ ಎತ್ತಿ ಅವ್ವನಿಗೆ ನಮಸ್ಕರಿಸಿದರು. ಹಿಂದಿನ ಜೀಪಿನಲ್ಲಿದ್ದ ತಮ್ಮ ಚಾಲಕರೂ ನಮಸ್ಕರಿಸಿದರು. ಪಕ್ಕದ ಸೀಟಿನಲ್ಲಿ ತಾವೂ ಕೈ ಮುಗಿದಿರಿ. ತಮ್ಮದು ಪರವಾಗಿಲ್ಲ, ತಮ್ಮ ಕೈಗಳಿಗೆ ಆಗ ಬೇರೆ ಕೆಲಸವಿರಲಿಲ್ಲ.

ಶಾಲೆಯ ಅಂಗಳದ ಸಭೆಯಲ್ಲಿ ನಾನು ಎದ್ದು ನಿಂತು ತಿರುವಿನ ಬಗ್ಗೆ ಕೇಳಿದ್ದು ತಮಗೆ ನೆನಪಿರಬಹುದು. ಕೇಸರಿ ಅಂಚಿನ ಇಳಕಲ್ ಸೀರೆ, ಮುಂದಿನ ಸಾಲು. ತಾವು ನಗುತ್ತ, "ಅಮ್ಮ, ದೇವರ ಜಾಗ ಅದು, ಜನರ ನಂಬಿಕೆಯ ಪ್ರಶ್ನೆ. ಇಲಾಖೆ ಏನೂ ಮಾಡುವಂತಿಲ್ಲ. ದೇವಿ ಅಲ್ಲಿ ಇಲ್ಲದಿದ್ದರೆ ನಾಳೆಯೇ ಮಾಡಿಕೊಡುತ್ತಿದ್ದೆ" ಎಂದಿರಿ. ಇಡೀ ಊರು ಕೇಳಿದೆ. ಮುಖ್ಯೋಪಾಧ್ಯಾಯರ ಮೈಕು ಅಂದು ಎಂದೂ ಇಲ್ಲದಷ್ಟು ಚೆನ್ನಾಗಿತ್ತು.

ಮರುದಿನವೇ ನಾನು ಪರಮೇಶ್ವರಪ್ಪನವರನ್ನು ಕರೆಸಿದೆ.

"ಅವ್ವನ್ನ ಅಲ್ಲಿಂದ ಎಬ್ಬಸೂದೈತಿ" ಎಂದೆ.

ಅವರು ಕುಡಿಯುತ್ತಿದ್ದ ಚಹಾ ಕೆಳಗಿಟ್ಟರು. "ದೇವ್ರನ್ನ ಸರಸೂದಂದ್ರ ಕುರ್ಚಿ ಸರಿಸಿದಂಗಲ್ಲವ್ವಾ. ಮುನಿಸಿಕೊಂಡ್ಲಂದ್ರ ಊರಿಗೆ ಊರ ಅನುಭವಿಸಬೇಕಾಕ್ಕೈತಿ."

"ಈಗೇನು ಸುಖ ಅನುಭವಿಸಾಕತ್ತೇವೇನು? ನನ್ನ ಮಮ್ಮಗಳ ಕಾಲು ನೋಡಬರ್ರಿ."

"ಅಕಿಗೆ ಅಲ್ಲೇ ಇರೂ ಮನಸಿದ್ರ?"

"ಕೇಳೂಣು. ಮೊದಲ ಸಲ ಕುಂದ್ರಿಸೂ ಮುಂದ ಅಕಿನ್ನ ನಾವೂ ಕೇಳಲಿಲ್ಲಲ್ಲ."

ನಮ್ಮಲ್ಲಿ ಹೂ ಕೇಳುವ ಪದ್ಧತಿಯಿದೆ. ಒದ್ದೆ ಮಾಡಿದ ಹೂಗಳನ್ನು ದೇವರ ಎರಡೂ ಭುಜಕ್ಕೆ ಅಂಟಿಸಿ ಕೇಳಿಕೊಳ್ಳುವುದು. ಬಲಗಡೆಯ ಹೂ ಮೊದಲು ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಇಲ್ಲ. ಶುಕ್ರವಾರ ಊರೆಲ್ಲ ಸೇರಿತು. ಪರಮೇಶ್ವರಪ್ಪನವರು ಹೂ ಏರಿಸಿದರು. ನಾನು ಕೇಳಿಕೊಂಡೆ: ತಾಯಿ, ಇಲ್ಲಿದ್ದರೆ ನಿನ್ನನ್ನು ನೋಡಿದವರು ಬೀಳುತ್ತಾರೆ. ಮುಂದಿನ ನೆಟ್ಟನೆಯ ದಾರಿಗೆ, ನಮ್ಮ ಗೋವಿನಜೋಳದ ಹೊಲದಂಚಿಗೆ ಬಾ. ನೆರಳಿದೆ, ನೀರಿದೆ, ಗಾಡಿ ನಿಲ್ಲಿಸಲು ಜಾಗವಿದೆ.

ಹೂ ಅಲುಗಲಿಲ್ಲ. ಜನ ನಿಂತರು, ಕುಳಿತರು, ಕೆಲವರು ನೀರು ಕುಡಿದು ಬಂದರು. ಇನ್ನು ನಾಳೆ ನೋಡೋಣ ಎಂದು ಪರಮೇಶ್ವರಪ್ಪನವರು. ಬೀಳುವ ತನಕ ಏಳುವುದಿಲ್ಲ ಎಂದು ನಾನು. ಅಷ್ಟರಲ್ಲಿ ಮರದ ದಿಮ್ಮಿ ತುಂಬಿದ ಲಾರಿಯೊಂದು ತಿರುವಿಗೆ ಬಂತು. ಜನ ಕಂಡು ಚಾಲಕ ಹಾರ್ನ್ ಹೊಡೆದ, ಬ್ರೇಕ್ ಒತ್ತಿದ, ನೆಲ ನಡುಗಿತು. ಬಲಗಡೆಯ ಹೂ ಬಿತ್ತು.

"ಅದು ಲಾರಿ ದಡಕಿಗೆ ಬಿತ್ತು" ಎಂದರು ಪರಮೇಶ್ವರಪ್ಪನವರು.

"ಲಾರಿ ಕಳಿಸಿದಾಕಿ ಯಾರು?" ಎಂದೆ.

ಅವರು ಹೂವನ್ನೂ ನನ್ನನ್ನೂ ನೋಡಿ, ಕಲ್ಲಿಗೆ ಕೈ ಹಚ್ಚಿದರು. ಸಂಗಯ್ಯನವರು ಮೊದಲೇ ಗುದ್ದಲಿ ತಂದು ನಿಂತಿದ್ದರು. ಅವರು ಮಾತನಾಡುವುದಿಲ್ಲವೇ ಹೊರತು ನನ್ನನ್ನು ಬಲ್ಲರು.

ಅಂದು ಮಧ್ಯಾಹ್ನದೊಳಗೆ ಚೌಡವ್ವ ಹೊಸ ಜಾಗದಲ್ಲಿ ಕುಳಿತಳು. ಕಾಯಿ ಒಡೆದು, ಹೋಳಿಗೆ ಮಾಡಿ ಊರಿಗೆಲ್ಲ ಬಡಿಸಿದೆವು. ಅಲ್ಲಿ ಒಂದು ಹಲಗೆ ಬರೆಸಿ ಹಾಕಿದ್ದೇನೆ: "ಗಾಡಿ ನಿಲ್ಲಿಸಿ, ಇಳಿದು, ಎರಡೂ ಕೈ ಜೋಡಿಸಿ ಮುಗಿಯಿರಿ. ಓಡುವ ಗಾಡಿಯ ಮೇಲಿನ ನಮಸ್ಕಾರ ಅವ್ವನಿಗೆ ಸಲ್ಲುವುದಿಲ್ಲ." ಈಗ ಜನ ನಿಲ್ಲಿಸುತ್ತಾರೆ. ಸುಭಾಷ್ ಕೂಡ ನಿಲ್ಲಿಸಿ ಕೈ ಮುಗಿಯುತ್ತಾನೆ. ಹೆಲ್ಮೆಟ್ ಇನ್ನೂ ಮೊಣಕೈಯಲ್ಲಿದೆ, ಅದನ್ನು ಮೇಲಕ್ಕೆ ತರುವ ಕೆಲಸ ನಡೆದಿದೆ.

ದೇವಿ ಎದ್ದ ಮೇಲೆ ಬಿದಿರು ಬರೀ ಬಿದಿರಾಯಿತು. ಕಡಿಸಿದೆ. ತಿರುವಿನ ಆಚೆ ಏನಿದೆ ಎಂದು ಈಗ ಈಚೆಯಿಂದಲೇ ಕಾಣುತ್ತದೆ. ರಸ್ತೆ ಬದಿಯ ಮೆಳೆ ಕಡಿದದ್ದಕ್ಕೆ ತಾವು ನೋಟಿಸು ಕೊಡುವುದಿದ್ದರೆ ಸಂತೋಷ. ಅದನ್ನು ಅಂಟಿಸುವುದಕ್ಕಾದರೂ ತಮ್ಮವರು ತಿರುವಿನ ತನಕ ಬರಬೇಕಾಗುತ್ತದೆ.

ಈಗ ತಮ್ಮ ಮಾತಿಗೆ ಬರೋಣ. ದೇವಿ ಅಲ್ಲಿ ಇಲ್ಲದಿದ್ದರೆ ನಾಳೆಯೇ ಮಾಡಿಕೊಡುತ್ತೇನೆ ಎಂದಿದ್ದಿರಿ. ದೇವಿ ಅಲ್ಲಿಲ್ಲ. ಆ ನಾಳೆ ಹೋಗಿ ಹಲವು ನಾಳೆಗಳಾದವು. ತಿರುವಿನ ಡಾಂಬರು ಕಿತ್ತು ಒಳಗಡೆಗೆ ವಾಲುವಂತೆ ಮತ್ತೆ ಹಾಕಬೇಕು, ಮಳೆಗಾಲ ಹಿಡಿಯುವ ಮೊದಲು. ಎರಡೂ ಕಡೆ ಫಲಕ ಬೇಕು. ಹಂಪು ಹಾಕುವುದಿದ್ದರೆ ಅದಕ್ಕೆ ಬಿಳಿ ಬಣ್ಣ ಬಳಿಯಬೇಕು. ಬಣ್ಣವಿಲ್ಲದ ಹಂಪು ಹಾಕುವುದಕ್ಕಿಂತ ಹಗ್ಗ ಕಟ್ಟಿ ಜನರನ್ನು ಬೀಳಿಸುವುದು ಅಗ್ಗ. ಕಾಲೇಜುಗಳಿಗೆ ಭಾಷಣಕಾರರನ್ನು ಕಳಿಸುವ ಬದಲು ಬ್ರೇಕು ಹಿಡಿಯಲು ಕಲಿಸುವವರನ್ನು ಕಳಿಸಬೇಕು. ಮರಳು ಸುರಿದು, ನೀರು ಹಾಕಿ, ಅದರ ಮೇಲೆ ಓಡಿಸಿ ಕಲಿಸಲಿ. ಬೆಳಗಿನ ಬಸ್ಸು ಕಾಲೇಜಿನ ಗಂಟೆಗಿಂತ ಮೊದಲು ಸಿರ್ಸಿ ಮುಟ್ಟಬೇಕು. ಅದು ತಮ್ಮ ಕೆಲಸವಲ್ಲ ಎನ್ನುವುದಾದರೆ, ಯಾರ ಕೆಲಸವೋ ಅವರಿಗೆ ತಾವೇ ಹೇಳಿ, ಒಂದೇ ಊರಿನಲ್ಲಿ ಕುಳಿತಿದ್ದೀರಿ. ಇಷ್ಟು ಸಾಕು. ಮೂರು ತಾಲೂಕಿನ ಉಳಿದ ತಿರುವುಗಳ ದೇವರುಗಳನ್ನು ಕೇಳುವುದು ಬೇಕಿದ್ದರೆ ಹೂವಿನೊಂದಿಗೆ ನಾನು ಬರಲು ಸಿದ್ಧಳಿದ್ದೇನೆ.

ಕೊನೆಯದು, ನನ್ನ ಮನೆಯ ಮಾತು. ಪ್ರತಿಭಾಳ ಕಾಲು ಕೂಡಿತು, ನಡೆಯತೊಡಗಿದಳು. ವಿನೋದ ಸ್ಕೂಟರನ್ನು ನೋಡಲು ಗಿರಾಕಿಯನ್ನು ಕರೆದುಕೊಂಡು ಬಂದಿದ್ದ. ಆ ಗಿರಾಕಿ ನಮ್ಮ ಮನೆಯ ಊಟ ಮಾಡಿ ಬರಿಗೈಯಲ್ಲಿ ಹೋದ. ಆದರೆ ಹುಡುಗಿಯೇ ಹೆದರಿದ್ದಳು. ಅಂಗಳದಲ್ಲಿ ಗಾಡಿ ಚಾಲು ಮಾಡುವುದು, ಬಂದ್ ಮಾಡುವುದು.

"ಆಗೂದಿಲ್ಲಜ್ಜಿ. ಅಪ್ಪ ಹೇಳಿದಂಗ ಮನ್ಯಾಗ ಕುಂದರ್ತೀನಿ" ಎಂದಳು.

"ಹಿಂದ ಯಾರರ ಕುಂತ್ರ ಹೋಗ್ತಿಯೇನು?"

"ಯಾರು ಕುಂದರ್ತಾರ, ಬಿದ್ದಾಕಿ ಹಿಂದ?"

ನಿನ್ನೆ ಸೋಮವಾರ ಬೆಳಿಗ್ಗೆ ನಾನು ಕುಳಿತೆ. ಸೀರೆಯುಟ್ಟವರು ಒಂದೇ ಕಡೆ ಕಾಲು ಹಾಕಿ ಕೂರುವುದು ಅಪಾಯ ಎಂದು ಅವಳು ಹೇಳಿದ್ದರಿಂದ, ಗದ್ದೆ ನಾಟಿಗೆ ಇಳಿಯುವಾಗ ಹಾಕುವಂತೆ ಕಚ್ಚೆ ಹಾಕಿ, ಎರಡೂ ಕಡೆ ಕಾಲು ಚಾಚಿ, ಹೊಸ ಹೆಲ್ಮೆಟ್‌ನ ಪಟ್ಟಿ ಬಿಗಿದು ಕುಳಿತೆ. ಊರು ಬಾಗಿಲಿಗೆ ಬಂದು ನೋಡಿತು. ವಿನೋದ ತಲೆ ತಗ್ಗಿಸಿ ಗೇಟು ತೆಗೆದ. ತಿರುವಿನಲ್ಲಿ ಅವಳ ಎರಡೂ ಕೈ ಹ್ಯಾಂಡಲಿನ ಮೇಲೆಯೇ ಇದ್ದವು. ಕಾಲೇಜಿನ ಮುಂದೆ ಇಳಿದಾಗ ಅವಳ ಗೆಳತಿಯರು ಸುತ್ತುವರಿದರು, ಅವರೊಂದಿಗೆ ಅವಳು ಒಳಗೆ ಹೋದಳು, ತಿರುಗಿ ನೋಡಲಿಲ್ಲ. ನಾನು ಬಸ್ಸಿನಲ್ಲಿ ಮರಳಿದೆ. ಇಂದು ಅವಳು ಒಬ್ಬಳೇ ಹೋಗಿದ್ದಾಳೆ.

ತಮ್ಮ ವಿಶ್ವಾಸಿ ಎಂದು ಬರೆಯುವುದು ರೂಢಿ. ಅದನ್ನು ಡಾಂಬರು ಬಿದ್ದ ಮೇಲೆ ಬರೆಯುತ್ತೇನೆ. ಸದ್ಯಕ್ಕೆ,

ಇಂತಿ,
ಸ್ಕೂಟರಿನ ಮೇಲೆ ಕುಳಿತ ಸೊಂಟಕ್ಕೆ ಎಣ್ಣೆ ಹಚ್ಚಿಸಿಕೊಂಡು ಮಗ್ಗಲು ಮಲಗಿರುವ
ನೀಲಗಂಗವ್ವ ಕೋಂ ಸಂಗಯ್ಯ
ಎಕ್ಕಂಬಿ ಹತ್ತಿರ, ಸಿರ್ಸಿ ತಾಲೂಕು